ನಡೆದವರು ಸಹಿ ಮಾಡ್ರಿ

ಹೋದ ತಿಂಗಳು ನಡೆದ ಬೀಳ್ಕೊಡುಗೆ ಸಮಾರಂಭದಲ್ಲಿ ಎದ್ದು ನಿಂತವರೆಲ್ಲ ನಮ್ಮ ಸರ್ವೇಯರ್ ಸಾಹೇಬರನ್ನು ಸರಳರು, ಸಜ್ಜನರು ಎಂದರು. ಎರಡೂ ಸುಳ್ಳು. ಆ ಮನುಷ್ಯನ ಹತ್ತಿರ ಮೂರು ಜೊತೆ ಚಪ್ಪಲಿ ಇದ್ದವು. ಒಂದು ಬಸ್ಸಿಗೆ, ಒಂದು ಹೊಲಕ್ಕೆ, ಒಂದು ಶುಕ್ರವಾರದ ನಮಾಜಿಗೆ. ಅಟ್ಟೆ ಸವೆದರೆ ತಮ್ಮ ರೋಜಾ ಬಡಾವಣೆಯಲ್ಲಿ ಚಪ್ಪಲಿ ಹೊಲಿಯುವವನ ಮುಂದೆ ಕೂತು, ಹೊಲಿಗೆ ಎಲ್ಲಿ ಬೀಳಬೇಕೆಂದು ತಾವೇ ಬೆರಳಿಟ್ಟು ತೋರಿಸಿ ಮಾಡಿಸುತ್ತಿದ್ದರು. ಅದಕ್ಕಾಗಿ ಅರ್ಧ ದಿನ ರಜೆ ಹಾಕಿ, ಕಾರಣದ ಕಡೆ 'ಸರ್ವಿಸಿಂಗ್' ಎಂದು ಬರೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಇನ್ನು ಸಜ್ಜನಿಕೆಯ ಮಾತು. ಸಜ್ಜನರಾದವರು ಗುರುತಿಲ್ಲದ ಹೆಣ್ಣುಮಗಳು ಕೂತ ಕಾರಿನ ಬಾಗಿಲು ತೆಗೆದು ಒಳಗೆ ನುಗ್ಗುತ್ತಾರೆಯೇ?

ನುಗ್ಗಿದ್ದು ನನ್ನ ಕಾರಿಗೆ, ಒಳಗಿದ್ದದ್ದು ನನ್ನ ಹೆಂಡತಿ. ಕಾರು ತಂದು ವಾರವೂ ಆಗಿರಲಿಲ್ಲ. ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಅದನ್ನು ತಿರುಗಿಸಲಿಕ್ಕೆ ಬರುವುದಿಲ್ಲ ಎಂಬುದು ತಂದ ಮೇಲೆ ಗೊತ್ತಾಗಿತ್ತು. ಅವತ್ತು ಸೂಪರ್ ಮಾರ್ಕೆಟ್ ಬಜಾರಿನಲ್ಲಿ ನಿಲ್ಲಿಸಲು ಜಾಗ ಸಿಗದೆ ಫುಟ್‌ಪಾತಿನ ಮೇಲೆ ಅಡ್ಡ ಹತ್ತಿಸಿ, ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕಾವಲಿಗೆ ಕೂರಿಸಿ, ಔಷಧಿ ಅಂಗಡಿಗೆ ಹೋಗಿದ್ದೆ. ತಿರುಗಿ ಬರುವಾಗ ನೋಡಿದರೆ, ಬಿಳಿ ಗಡ್ಡದ, ಇಸ್ತ್ರಿ ಶರ್ಟಿನ ಒಬ್ಬರು ಕಾರಿನ ಹಿಂದಿನ ಬಾಗಿಲು ತೆಗೆಯುತ್ತಿದ್ದಾರೆ. "ಮಾಫ್ ಮಾಡ್ರಿ ತಂಗಿ, ನಮ್ಮ ಹಾದಿ ಇಲ್ಲೇ ಅದ" ಎಂದು ಒಳಗೆ ಕೂತರು, ಸೀಟಿನ ಮೇಲೆ ಜರುಗಿದರು, ಆ ಕಡೆಯ ಬಾಗಿಲಿನಿಂದ ಇಳಿದು ಹೋಗಿಬಿಟ್ಟರು. ಅವರ ಹಿಂದೆ ಕಾಯಿಪಲ್ಲೆಯ ಚೀಲ ಹಿಡಿದ ಹೆಂಗಸೊಬ್ಬಳು ಕೂಡ ಅದೇ ದಾರಿ ಹಿಡಿದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಂಡತಿ ಮಾತ್ರ ಮನೆ ಮುಟ್ಟುವವರೆಗೂ ನಗುತ್ತಿದ್ದಳು.

ಸೋಮವಾರ ಆಫೀಸಿಗೆ ಹೋದರೆ ಆ ಗಡ್ಡ ನನ್ನ ಎದುರಿನ ಟೇಬಲ್ಲಿನಲ್ಲಿ ಕೂತಿತ್ತು. ಬೇರೆ ಕಡೆಯಿಂದ ವರ್ಗವಾಗಿ ಬಂದ ಹೊಸ ಸರ್ವೇಯರ್. ಗುರುತು ಹಿಡಿದರು. "ಕುಲಕರ್ಣಿ ಸಾಬ್, ನಿಮ್ಮ ಸೀಟು ಭಾಳ ಮೆತ್ತಗ ಅದ" ಎಂದರು. ಕ್ಷಮೆ ಕೇಳುತ್ತಾರೆಂದು ಕಾದೆ. ಅದರ ಬದಲು ನನ್ನ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರು. ಶೇಂಗಾ ಹೋಳಿಗೆ ಇತ್ತು. ಅವತ್ತಿನಿಂದ ಅವರು ನಿವೃತ್ತರಾಗುವವರೆಗೆ ನನ್ನ ಪಾಲಿಗೆ ಪೂರ್ತಿ ಡಬ್ಬಿ ಎಂಬುದು ಬರಲಿಲ್ಲ.

ನಮ್ಮ ಆಫೀಸು ಕಮಲಾಪುರದಲ್ಲಿದೆ. ಊರು ತಾಲೂಕು ಆದ ಮೇಲೆ ಅಲ್ಲಿ ತೆರೆದ ಹಲವು ಕಚೇರಿಗಳಲ್ಲಿ ಅದೂ ಒಂದು, ಹೆಸರು ಹೇಳುವುದಿಲ್ಲ, ನನಗಿನ್ನೂ ಸರ್ವಿಸ್ ಬಾಕಿ ಇದೆ. ಬಸ್ ಸ್ಟ್ಯಾಂಡಿನ ಬೆನ್ನಿಗೆ ಒಂದು ಬಾಡಿಗೆ ಕಟ್ಟಡ. ಹಳ್ಳಿಯ ಜನ ಜಮೀನಿನ ಕಾಗದಕ್ಕೆ, ಪಿಂಚಣಿಯ ಕಾಗದಕ್ಕೆ, ಆ ಕಾಗದ ತರಲು ಬೇಕಾದ ಇನ್ನೊಂದು ಕಾಗದಕ್ಕೆ ಬರುತ್ತಾರೆ. ಕೆಲಸ ಮಾಡುವ ನಾವೆಲ್ಲ ಕಲಬುರಗಿಯವರು. ಬೆಳಿಗ್ಗೆ ಕಾರು ಏರಿ ಹೋಗುತ್ತೇವೆ, ಸಂಜೆ ಕಾರು ಏರಿ ಬರುತ್ತೇವೆ. ನನ್ನ ಕಾರಿನಲ್ಲಿ ನಾನು ಮತ್ತು ಇನ್ನಿಬ್ಬರು ಗುಮಾಸ್ತರು. ದೊಡ್ಡ ಸಾಹೇಬರಿಗೆ ಸರ್ಕಾರಿ ಜೀಪು. ಸರ್ವೇಯರ್ ಒಬ್ಬರೇ ಬಸ್ಸು. ರೋಜಾದಿಂದ ಸೈಕಲ್ ಮೇಲೆ ಬಸ್ ಸ್ಟ್ಯಾಂಡಿಗೆ ಬಂದು, ಸೈಕಲ್ಲಿಗೆ ಬೀಗ ಹಾಕಿ, ಆ ಬೀಗವನ್ನು ಎರಡು ಸಲ ಎಳೆದು ನೋಡಿ, ಆಮೇಲೆ ಬಸ್ಸು ಹತ್ತುವರು.

ಒಂದು ದಿನ ಕರೆದೆ. ಕಾರಿನಲ್ಲಿ ಒಂದು ಸೀಟು ಖಾಲಿ ಇತ್ತು, ಅವರನ್ನು ಕೂರಿಸಿಕೊಂಡರೆ ಸೂಪರ್ ಮಾರ್ಕೆಟ್ಟಿನ ಅವಮಾನ ತೀರುತ್ತದೆ ಎಂಬ ಆಸೆಯೂ ಇತ್ತು.

"ನಿಮ್ಮ ಕಾರಿನ್ಯಾಗ ಮೂರು ಮಂದಿ ಮಾತು ಕೇಳ್ತದ" ಎಂದರು. "ಅದೂ ಟ್ರಾನ್ಸ್‌ಫರು, ಡಿಎ. ಬಸ್ಸಿನ್ಯಾಗ ಇಡೀ ತಾಲೂಕಿನ ಸುದ್ದಿ ಕೇಳ್ತದ್ರಿ."

ಜಂಬವಲ್ಲ, ನಿಜ. ಮಹಾಗಾಂವ ಕ್ರಾಸಿನಲ್ಲಿ ಹತ್ತಿದ ರೈತ ಕಮಲಾಪುರ ಬರುವಷ್ಟರಲ್ಲಿ ತನ್ನ ಹೊಲದ ಕಥೆ ಮುಗಿಸಿರುತ್ತಿದ್ದ. ಒಮ್ಮೆ ಬದುವಿನ ಸಲುವಾಗಿ ಹೊಡೆದಾಡಿದ ಅಣ್ಣ ತಮ್ಮಂದಿರು ಅದೇ ಬಸ್ಸಿಗೆ ಬಂದರಂತೆ. ಇವರು ಒಬ್ಬನನ್ನು ಎಡಕ್ಕೆ, ಒಬ್ಬನನ್ನು ಬಲಕ್ಕೆ ಕೂರಿಸಿಕೊಂಡರಂತೆ, ಕಮಲಾಪುರದಲ್ಲಿ ಇಳಿದಾಗ ಮೂವರೂ ಕೆಂಪು ಬಾಳೆಹಣ್ಣು ತಿನ್ನುತ್ತ ಆಫೀಸಿಗೆ ಬಂದರು. ನಾವು ಎಸಿ ಆರಿಸಿ, ಕಾರು ನೆರಳಿಗೆ ಹಚ್ಚಿ, ಕುರ್ಚಿ ಒರೆಸಿಕೊಂಡು ಕೂಡುವ ಹೊತ್ತಿಗೆ ಅವರ ಅರ್ಧ ಕೆಲಸ ಮುಗಿದಿರುತ್ತಿತ್ತು. ಉಳಿದ ಹೊತ್ತೆಲ್ಲ ನಮ್ಮ ಕೆಲಸದಲ್ಲಿ ಹುಳುಕು ಹುಡುಕಲು ಪುರುಸೊತ್ತು.

ಹುಳುಕು ಹುಡುಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಶರಣಸಿರಸಗಿಯ ಹತ್ತಿರ ಹೊಸ ಲೇಔಟಿನಲ್ಲಿ ನಾನೊಂದು ಪ್ಲಾಟು ನೋಡಿದ್ದೆ. ಸರ್ವೇಯರ್ ಕೈಯಲ್ಲೇ ಇದ್ದಾರೆ, ಮೂಲೆಗಲ್ಲು ಸರಿ ಇವೆಯೋ ನೋಡಲಿ ಎಂದು ಕರೆದುಕೊಂಡು ಹೋದೆ. ಅವರು ಕಲ್ಲುಗಳ ಕಡೆ ನೋಡಲೇ ಇಲ್ಲ. ಪ್ಲಾಟಿನ ನಡುವೆ ಛತ್ರಿ ಹಿಡಿದು ನಿಂತು ಪ್ರಶ್ನೆ ಕೇಳತೊಡಗಿದರು.

"ಹಾಲು ಎಲ್ಲಿ ಸಿಗ್ತದ?"

"ಸಿಟ್ಯಾಗ. ಕಾರ್ ಅದಲ್ರಿ."

"ಮಗಳ ಸಾಲಿ?"

"ಕಾರಿನ್ಯಾಗ ಬಿಟ್ಟು ಬರ್ತೀನಿ."

"ನಿಮ್ಮ ಅವ್ವ ಗುಡಿಗಿ ಹೋಗಬೇಕಂದ್ರ?"

ಸಿಟ್ಟು ಬಂದು ಕಾರಿನ ಕಡೆ ಹೊರಟೆ.

"ಹಂಗಾರ ನೀವು ಮನಿ ಕಟ್ಟಾಕತ್ತಿಲ್ಲ ಕುಲಕರ್ಣಿ ಸಾಬ್. ಕಾರಿಗಿ ಒಂದು ಕೊಟಗಿ ಕಟ್ಟಾಕತ್ತೀರಿ, ಬಾಜೂಕ ನೀವೂ ಮಲಗತೀರಿ."

ಈ ಮಾತನ್ನು ಅವರು ನನ್ನ ಎದುರಿಗಷ್ಟೇ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮನೆಗೆ ಬಂದು ಚಹಾ ಕುಡಿಯುತ್ತ ನನ್ನ ಅವ್ವನ ಎದುರಿಗೆ ಹೇಳಿದರು. ಆ ಪ್ಲಾಟಿನ ಮಾತು ನಮ್ಮ ಮನೆಯಲ್ಲಿ ಅಲ್ಲಿಗೇ ಮುಗಿಯಿತು. ನನ್ನ ಅವ್ವ ಈಗಲೂ ಬ್ರಹ್ಮಪುರದ ಗುಡಿಗೆ ಒಬ್ಬಳೇ ನಡೆದು ಹೋಗಿ ಬರುತ್ತಾಳೆ, ಹೋಗುವಾಗ ಒಮ್ಮೆ ನನ್ನ ಕಡೆ ನೋಡಿ ಹೋಗುತ್ತಾಳೆ.

ಉರುಸು ಬಂತೆಂದರೆ ಅವರ ಜೋರು ಇನ್ನೂ ಹೆಚ್ಚು. ದರ್ಗಾದ ಸುತ್ತ ಜನ ತುಂಬಿ ಅವರ ಓಣಿಗೆ ಗಾಡಿಗಳ ಓಡಾಟ ನಿಲ್ಲುತ್ತದೆ. ಊರಿನವರೆಲ್ಲ ಟ್ರಾಫಿಕ್ ಕೆಟ್ಟಿತು ಎಂದು ಗೊಣಗಿದರೆ ಇವರು ಅದನ್ನು ಸುಧಾರಿಸಿತು ಎನ್ನುವರು. "ಆ ನಾಕು ದಿನ ಬಂದು ನೋಡ್ರಿ. ನಮ್ಮ ಓಣ್ಯಾಗ ಹುಡುಗ್ರು ರಸ್ತಿ ನಡುವ ಕುಂತು ಗೋಲಿ ಆಡ್ತಾವ. ಉಳಿದ ದಿನ ನಾವ ಅವಕ್ಕ ಕೈ ಹಿಡದು ಎಳೀತೀವಿ, ಸರಿ ಸರಿ ಅಂತ." ವರ್ಷವಿಡೀ ಉರುಸು ಮಾಡಿಬಿಡೋಣವೇ ಎಂದು ಚೇಷ್ಟೆ ಮಾಡಿದೆ. "ಮಾಡ್ರಿ, ನಾನು ಅರ್ಜಿ ಕೊಡ್ತೀನಿ" ಎಂದರು. ಕೊಡುವ ಆಸಾಮಿಯೇ.

ಹೀಗೆ ಒಬ್ಬರ ಕಾಲು ಒಬ್ಬರು ಎಳೆಯುತ್ತ ಕಾಲ ಹೋಗುತ್ತಿತ್ತು. ಆಗ ಹೊಸ ಕಟ್ಟಡದ ಫೈಲು ಬಂತು.

ಆಫೀಸಿಗೆ ಸ್ವಂತ ಕಟ್ಟಡ ಮಂಜೂರಾಗಿತ್ತು. ಜಾಗ ನಾವು ಗುರುತಿಸಿ ಕಳಿಸಬೇಕು. ಊರ ಹೊರಗೆ, ಹೆದ್ದಾರಿಯ ಆಚೆ ಒಂದು ಸರ್ಕಾರಿ ಜಮೀನಿತ್ತು. ದೊಡ್ಡ ಸಾಹೇಬರಿಗೆ ಬಹಳ ಹಿಡಿಸಿತು. ಜೀಪು, ಕಾರು ಎಷ್ಟು ಬೇಕಾದರೂ ನಿಲ್ಲಬಹುದು. ಸುಳ್ಳೇಕೆ ಹೇಳಲಿ, ನನಗೂ ಹಿಡಿಸಿತು. ಅಲ್ಲಿ ಎರಡು ದೊಡ್ಡ ಬೇವಿನ ಮರ ಇದ್ದವು, ಒಂದರ ಕೆಳಗೆ ನನ್ನ ಕಾರನ್ನು ಮನಸ್ಸಿನಲ್ಲೇ ನಿಲ್ಲಿಸಿಬಿಟ್ಟಿದ್ದೆ. ವರದಿಯಲ್ಲಿ 'ಬಸ್ ನಿಲ್ದಾಣದಿಂದ ಇರುವ ದೂರ' ಎಂಬ ಕಲಂ ಇತ್ತು. ನಾನು ಫೋನಿನ ನಕ್ಷೆ ತೆಗೆದು ಬಸ್ ಸ್ಟ್ಯಾಂಡಿನ ಮೇಲೆ ಒಂದು ಬೆರಳು, ಜಮೀನಿನ ಮೇಲೆ ಒಂದು ಬೆರಳು ಒತ್ತಿದೆ. ನಡುವೆ ನೆಟ್ಟಗೆ ಒಂದು ಗೆರೆ ಬಿತ್ತು. ಅರ್ಧ ಕಿಲೋಮೀಟರ್ ಎಂದು ತೋರಿಸಿತು, ಹಾಗೇ ಬರೆದೆ.

ಸರ್ವೇಯರ್ ಓದಿ ನೋಡಿ ಕನ್ನಡಕ ತೆಗೆದರು.

"ಈ ಗೆರಿ ಮ್ಯಾಲ ಯಾರು ಹೋಗ್ತಾರ?"

"ಜನ."

"ನಡುವ ಹಳ್ಳ ಅದ. ಸೇತುವಿ ಇಲ್ಲ. ಆ ಕಡಿ ಬೇಲಿ ಅದ. ಜನ ಹಾರ್ಕೊಂಡು ಬರ್ತಾರೇನು? ಹಾದಿ ಹಿಡದು ಹೋದ್ರ ಹೆದ್ದಾರಿ ಸುತ್ತಿ ಹೋಗಬೇಕು, ನಾಕು ಪಟ್ಟು ದೂರ ಆಗ್ತದ. ನಿಮ್ಮ ಹಿರೇರು ಕುದುರಿ ಮ್ಯಾಲ ಕುಂತು ಊರು ಅಳದ್ರು. ನೀವು ಕುರ್ಚಿ ಬಿಟ್ಟೇ ಏಳಾಕ ಒಲ್ರಿ."

ನನ್ನ ಮನೆತನದವರೆಗೆ ಹೋದರಲ್ಲ ಎಂದು ಎರಡು ದಿನ ಅವರ ಕೂಡ ಮಾತು ಬಿಟ್ಟೆ. ಡಬ್ಬಿ ಮಾತ್ರ ಅವರೇ ತೆಗೆದುಕೊಂಡು ತಿಂದರು.

ಸ್ಥಳ ಪರಿಶೀಲನೆಯ ದಿನ ಬಂತು. ಬಿಸಿಲೆಂದರೆ ಕಲಬುರಗಿಯವರಿಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ, ಹೊರಗೆ ಕಾಲಿಡುವಂತಿರಲಿಲ್ಲ. ದೊಡ್ಡ ಸಾಹೇಬರು, ಒಬ್ಬ ಇಂಜಿನಿಯರ್, ಫೈಲು ಹೊರಲು ನಾನು. ಜೀಪು ಹೊರಡುವಷ್ಟರಲ್ಲಿ ಸರ್ವೇಯರ್ ಅಡ್ಡ ಬಂದರು. ದೂರ ಅಳೆಯದೆ ಪಂಚನಾಮೆ ಆಗುವುದಿಲ್ಲ, ಅಳತೆ ಬಸ್ ಸ್ಟ್ಯಾಂಡಿನಿಂದ ಶುರುವಾಗಬೇಕು, ಪಂಚರು ಅಳತೆಯ ಜೊತೆ ಇರಬೇಕು ಎಂದರು. ರೂಲು ಹಾಗೆ ಇದೆಯೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ, ಇಲ್ಲ ಎನ್ನಲು ಧೈರ್ಯವಾಗಲಿಲ್ಲ.

ಬಸ್ ಸ್ಟ್ಯಾಂಡಿಗೆ ಹೋದರೆ ಅಲ್ಲಿ ಶರಣಮ್ಮ ನಿಂತಿದ್ದಳು. ಆಕೆಯನ್ನು ನಮ್ಮ ಆಫೀಸಿನಲ್ಲಿ ಎಲ್ಲರೂ ಬಲ್ಲರು. ಗಂಡ ಸತ್ತ ಮೇಲೆ ಹೊಲಕ್ಕೆ ತನ್ನ ಹೆಸರು ಹತ್ತಿಸಲು ವಾರಕ್ಕೊಮ್ಮೆ ಹಳ್ಳಿಯಿಂದ ಬಸ್ಸಿಗೆ ಬರುವ ಮುದುಕಿ. ಮಂಡಿ ಹಿಡಿದು ಹಿಡಿದು ನಮ್ಮ ಮೆಟ್ಟಿಲು ಹತ್ತುತ್ತಾಳೆ, "ಮುಂದಿನ ವಾರ ಬಾ ಆಯಿ" ಎಂದರೆ ಹೂಂ ಎಂದು ಇಳಿಯುತ್ತಾಳೆ. ಹಾಗೆಂದು ಹೇಳುತ್ತಿದ್ದವನು ಬಹುತೇಕ ನಾನೇ.

"ಆಯಿ, ಆಫೀಸು ಇಲ್ಲಿ ಇಲ್ಲ, ಅಲ್ಲಿ ಹೋಗ್ಯದ ಅಂತ ತಿಳ್ಕೊ" ಎಂದರು ಸರ್ವೇಯರ್, ಹೆದ್ದಾರಿಯ ಕಡೆ ಕೈ ತೋರಿಸಿ. "ದಿನಾ ಹೆಂಗ ನಡೀತಿ ಹಂಗ ನಡಿ. ಅವಸರ ಮಾಡಬ್ಯಾಡ."

"ಈಕೀನ್ಯಾಕ ಕರದೀರಿ?" ದೊಡ್ಡ ಸಾಹೇಬರಿಗೆ ಸಿಟ್ಟು.

"ಆಫೀಸಿಗಿ ಬರೋರು ಇವರಲ್ರಿ ಸಾಹೇಬ್ರ. ಅಳತಿ ಇವರ ಕಾಲಿಂದೇ ಆಗಬೇಕು."

ಮೆರವಣಿಗೆ ಹೊರಟಿತು. ಮುಂದೆ ಶರಣಮ್ಮ, ಆಕೆಯ ತಲೆಯ ಮೇಲೆ ಛತ್ರಿ ಹಿಡಿದು ಸರ್ವೇಯರ್, ಹಿಂದೆ ಸರ್ಕಾರ. ಸರ್ವೇಯರ್ ಜುಬ್ಬಾದ ಬಲಜೇಬಿನ ತುಂಬ ಹುಣಸೆ ಬೀಜ. ಆಕೆಯ ನೂರು ಹೆಜ್ಜೆಗೆ ಒಂದು ಬೀಜ ಎಡಜೇಬಿಗೆ ಹೋಗುತ್ತಿತ್ತು. ಆಕೆ ಒಂದು ಕಟ್ಟೆ ಕಂಡರೆ ಕೂಡುವಳು, ನಾವೆಲ್ಲ ನಿಲ್ಲುವೆವು. ಗುರುತಿನವಳು ಸಿಕ್ಕರೆ ಮಾತಾಡುವಳು, ನಾವು ಮಾತು ಮುಗಿಯುವವರೆಗೆ ಕಾಯುವೆವು. ಇಂಜಿನಿಯರ್ ಸಾಹೇಬರ ಬೂಟು ಮೊದಲ ಐದು ಬೀಜಗಳಿಗೇ ಕಚ್ಚತೊಡಗಿತು. ಅವರಿಗೊಂದು ಅರ್ಜೆಂಟ್ ಫೋನು ಬಂದು, ಮಾತಾಡುತ್ತ ಮಾತಾಡುತ್ತ ಕಾಣೆಯಾದರು. ಹೆದ್ದಾರಿ ಮುಟ್ಟಿದಲ್ಲಿ ದೊಡ್ಡ ಸಾಹೇಬರು ಹಿಂದೆಯೇ ಬರುತ್ತಿದ್ದ ಜೀಪಿಗೆ ಕೈ ಮಾಡಿ, "ಮುಂದ ಸಿಗ್ತೀನಿ" ಎಂದು ಹತ್ತಿದರು. ನಾನೂ ಹತ್ತಲು ಹೋದೆ. "ಫೈಲು ಅಳತಿ ಜೋಡಿ ಇರ್ಲಿ" ಎಂದು ಅವರೇ ಬಾಗಿಲು ಹಾಕಿಕೊಂಡರು.

ಹೆದ್ದಾರಿಯಲ್ಲಿ ನಡೆಯುವವರಿಗೆ ಜಾಗವೇ ಇಲ್ಲ. ಎಷ್ಟೋ ಸಾವಿರ ಸಲ ಆ ದಾರಿಯಲ್ಲಿ ಹೋಗಿದ್ದೆ, ಕಾರಿನೊಳಗಿಂದ ಅದು ನನಗೆ ಕಂಡಿರಲಿಲ್ಲ. ಪ್ರತಿಸಲ ಲಾರಿ ಹಾರ್ನ್ ಹೊಡೆದಾಗ ಶರಣಮ್ಮ ಬದಿಯ ಜಾಲಿಮುಳ್ಳಿನ ಇಳಿಜಾರಿಗೆ ಇಳಿಯುವಳು, ಲಾರಿ ಹೋದ ಮೇಲೆ ಸರ್ವೇಯರ್ ಕೈ ಹಿಡಿದು ಮೇಲೆತ್ತುವರು. ಮೂರನೆಯ ಸಲ ಇಳಿದವಳು ಏಳಲಾರದೆ ಅಲ್ಲೇ ಕೂತಳು. ಮುಖ ಕಪ್ಪಿಟ್ಟಿತ್ತು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಹಟಕ್ಕ ಮುದುಕೀನ್ನ ಬಿಸಲಾಗ ಕೊಲ್ಲಾಕತ್ತೀರಿ" ಎಂದೆ. ದನಿ ಏರಿತ್ತು.

ಅವರು ಬಾಳೆಹಣ್ಣು ಸುಲಿದು ಆಕೆಯ ಕೈಗೆ ಕೊಟ್ಟು, ನೀರು ಕುಡಿಸಿ, ಆಮೇಲೆ ನನ್ನ ಕಡೆ ತಿರುಗಿದರು.

"ನಾ ಒಂದು ಸಲ ನಡಸೀನಿ ಕುಲಕರ್ಣಿ ಸಾಬ್. ನೀವು ಬರದದ್ದು ಪಾಸಾದ್ರ ವಾರಾ ವಾರಾ ನಡಸೋರದೀರಿ."

ನಾಚಿಕೆಯಾಯಿತು, ಅದನ್ನು ಬಿಸಿಲಿನ ಮೇಲೆ ಹಾಕಿ ಬೆವರು ಒರೆಸಿಕೊಂಡೆ. ಶರಣಮ್ಮ ತಾನೇ ಎದ್ದಳು. "ಇಲ್ಲಿಗಿ ಬಂದೀವಿ, ಮುಟ್ಟೇ ಬಿಡೂಣು ನಡ್ರಿ" ಎಂದಳು.

ಜಮೀನು ಮುಟ್ಟಿದಾಗ ದೊಡ್ಡ ಸಾಹೇಬರು ಬೇವಿನ ಮರದ ಕೆಳಗೆ ಜೀಪಿನ ಗಾಜು ಏರಿಸಿ ಕೂತಿದ್ದರು. ಸರ್ವೇಯರ್ ಎಡಜೇಬು ಖಾಲಿ ಮಾಡಿ ಬೀಜ ಎಣಿಸಿದರು, ಪಂಚನಾಮೆ ಬರೆದರು, ಗಟ್ಟಿಯಾಗಿ ಓದಿದರು. ಬಸ್ ನಿಲ್ದಾಣದಿಂದ ಈ ಜಾಗಕ್ಕೆ ನಾವು ಕಾಲ್ನಡಿಗೆಯಲ್ಲಿ ಬಂದು ಅಳತೆ ಮಾಡಿದ್ದೇವೆ ಎಂದಿತ್ತು. ದೊಡ್ಡ ಸಾಹೇಬರು ಪೆನ್ನು ತೆಗೆದರು. ಸರ್ವೇಯರ್ ಕಾಗದ ಹಿಂದಕ್ಕೆ ಎಳೆದುಕೊಂಡರು.

"ನಡದವರು ಸಹಿ ಮಾಡ್ರಿ."

"ಮತ್ತ ನಾ ಬಂದಿಲ್ಲೇನು?"

"ಬಂದೀರಿ ಸಾಹೇಬ್ರ. ನಡದಿಲ್ಲ."

ಹೀಗೆ ಒಬ್ಬ ಸರ್ವೇಯರ್, ಒಬ್ಬ ಗುಮಾಸ್ತ, ಒಂದು ಹೆಬ್ಬೆಟ್ಟು, ಮೂರೇ ಗುರುತು ಆ ಪಂಚನಾಮೆಯ ಮೇಲೆ ಬಿದ್ದವು. ದೊಡ್ಡ ಸಾಹೇಬರ ಜೀಪು ಧೂಳೆಬ್ಬಿಸಿ ಹೋಯಿತು. ನಾವು ಹೇಗೆ ಹಿಂದಿರುಗಬೇಕೆಂದು ನನಗೆ ಚಿಂತೆ. ಸರ್ವೇಯರ್ ಹೆದ್ದಾರಿಗೆ ಹೋಗಿ ಬರುವ ಬಸ್ಸಿಗೆ ಛತ್ರಿ ಅಡ್ಡ ಹಿಡಿದರು. "ಇಲ್ಲಿ ಸ್ಟಾಪ್ ಇಲ್ರಿ ಚಾಚಾ" ಎಂದ ಡ್ರೈವರ್, ಬ್ರೇಕು ಹಾಕಿದ ಮೇಲೆ. "ಇವತ್ತ ಅದ" ಎಂದು ಶರಣಮ್ಮನನ್ನು ಹತ್ತಿಸಿದರು. ಸೀಟಿನಲ್ಲಿ ಕೂತ ಕೂಡಲೇ ಆಕೆ ನಿದ್ದೆ ಹೋದಳು.

ಫೈಲು ಮೇಲೆ ಹೋಯಿತು. ದೂರದ ಬಗ್ಗೆ ಸ್ಪಷ್ಟೀಕರಣ ಕೊಡಿ ಎಂದು ಯಾರೋ ಒಂದು ಸಾಲು ಬರೆದರು, ಆ ಸಾಲಿನ ಮೇಲೆ ಫೈಲು ಮಲಗಿತು. ಆಫೀಸು ಬಸ್ ಸ್ಟ್ಯಾಂಡಿನ ಬೆನ್ನಿಗೇ ಉಳಿಯಿತು. ಸರ್ವೇಯರ್‌ಗೆ ಶಿಕ್ಷೆಯೆಂದು ತಾಲೂಕಿನ ಮೂಲೆಮೂಲೆಯ ಹಳ್ಳಿಗಳ ಅಳತೆ ಬಿತ್ತು. ದಿನಾ ಒಂದು ಹೊಸ ಬಸ್ಸು ಎಂದು ಅವರು ಖುಷಿಯಿಂದ ಹೋದರು. ಶಿಕ್ಷೆ ಕೊಟ್ಟವರಿಗೆ ಅದೊಂದು ಬೇರೆ ಹೊಟ್ಟೆಯುರಿ.

ಈಗ ಅವರು ನಿವೃತ್ತರು. ಹೋಗಿ ಹದಿನೈದು ದಿನವೂ ಆಗಿರಲಿಲ್ಲ, ಆ ಫೈಲು ಎದ್ದು ನನ್ನ ಟೇಬಲ್ಲಿಗೆ ಬಂತು. ದೊಡ್ಡ ಸಾಹೇಬರು ಕರೆದು, "ಹೊಸ ವರದಿ ಹಾಕ್ರಿ. ಅರ್ಧ ಕಿಲೋಮೀಟರ್ ಅಂತ ನೀವೇ ಬರದಿದ್ರಿ, ಅದನ್ನೇ ಬರೀರಿ. ನಿಮ್ಮ ಪ್ರಮೋಷನ್ ಕಾಗದಾನೂ ಇದೇ ವಾರ ಕಳಸೋದದ" ಎಂದರು. ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ನಾನು ಹುಲಿಯಲ್ಲ. ಪೆನ್ನು ಹಿಡಿದು ಒಂದು ತಾಸು ಕೂತೆ. ಸರ್ವೇಯರ್‌ಗೆ ಫೋನು ಮಾಡಿದೆ, ಅವರು ನಾಲ್ಕು ಮಾತು ಬೈದರೆ ಧೈರ್ಯ ಬರುತ್ತಿತ್ತೇನೋ. ಎತ್ತಲಿಲ್ಲ. ಎಲ್ಲೋ ಬಸ್ಸಿನಲ್ಲಿದ್ದಿರಬೇಕು.

ಅಷ್ಟರಲ್ಲಿ ಶರಣಮ್ಮ ಮೆಟ್ಟಿಲು ಹತ್ತಿ ಬಂದಳು. ಹೊಲದ ಕಾಗದ ಕೊನೆಗೂ ಆಗಿದೆ, ಈಗ ಪಿಂಚಣಿಯದು ಶುರುವಾಗಿದೆ. ಎದುರಿನ ಖಾಲಿ ಕುರ್ಚಿ ನೋಡಿದಳು.

"ಅಳತಿ ಸಾಹೇಬ್ರು ಎಲ್ಲಿ ಹೋಗ್ಯಾರ್ರಿ?"

"ರಿಟೈರ್ ಆದ್ರು ಆಯಿ."

ಆಕೆಯ ಕೈ ಮಂಡಿಯ ಮೇಲೆ ಹೋಯಿತು. "ಹಂಗಾರ ಆಫೀಸು ಅಲ್ಲಿಗಿ ಹೋಗ್ತದೇನ್ರಿ?"

ಪಂಚನಾಮೆಯ ಆ ಮೂರು ಗುರುತುಗಳಲ್ಲಿ ಸರ್ಕಾರದ ಕುರ್ಚಿಯಲ್ಲಿ ಇನ್ನೂ ಉಳಿದವನು ನಾನೊಬ್ಬನೇ ಎಂಬುದು ಆಕೆ ಕೇಳಿದಾಗಲೇ ನನಗೆ ಹೊಳೆದದ್ದು. ಕುಳಿತುಕೋ ಎಂದೆ. ಬರೆದೆ. ಹಾದಿ ಹಿಡಿದು ನಡೆದರೆ ಎರಡು ಕಿಲೋಮೀಟರ್, ಹೆದ್ದಾರಿಯಲ್ಲಿ ನಡೆಯಲು ಜಾಗವಿಲ್ಲ, ಬಸ್ಸಿನ ನಿಲುಗಡೆ ಇಲ್ಲ, ಈ ಜಾಗ ಸಾರ್ವಜನಿಕರಿಗೆ ಯೋಗ್ಯವಲ್ಲ. ಕೆಳಗೆ ನನ್ನ ಹೆಸರು, ಹುದ್ದೆ, ಸಹಿ.

"ಏನು ಬರದ್ರಿ ಅಪ್ಪಾ?" ಎಂದಳು, ಕಾಗದದ ಮೇಲೆ ಬಗ್ಗಿ.

"ನೀ ನಡದದ್ದು ಬರದೆ ಆಯಿ."

ಆಕೆ ತಲೆಯಾಡಿಸಿ, ಹೆಬ್ಬೆಟ್ಟು ಚಾಚಿ, ಎಲ್ಲಿ ಒತ್ತಬೇಕು ಎಂದು ಕೇಳಿದಳು.